ರಾಜೇಶ್ವರಿ ಒಡಪು ಹೇಳಿದ್ದು

ಹೆಂಗಸು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟಳೆಯನ್ನು ಯಾರು ಮಾಡಿದರೋ ಗೊತ್ತಿಲ್ಲ. ಮಾಡಿದವನು ಗಂಡಸೇ ಇರಬೇಕು, ಮತ್ತು ಅವನು ಯಾವತ್ತೂ ಬ್ಯಾಂಕಿನ ಸಾಲಿನಲ್ಲಿ ನಿಂತವನಲ್ಲ. ದೊಡ್ಡನೆಕ್ಕುಂದಿಯ ಬಾಡಿಗೆ ಕೋಣೆಯಲ್ಲಿರುವ ರಾಜೇಶ್ವರಿ ಈ ಕಟ್ಟಳೆಯನ್ನು ಒಂಬತ್ತು ವರ್ಷ ಚಾಚೂ ತಪ್ಪದೆ ಪಾಲಿಸಿದವಳು. ಬ್ಯಾಂಕಿನಲ್ಲಾಗಲಿ ಆಸ್ಪತ್ರೆಯಲ್ಲಾಗಲಿ "ಗಂಡನ ಹೆಸರು?" ಎಂದು ಕೇಳಿದರೆ ಆಧಾರ್ ಕಾರ್ಡನ್ನು ಕಿಂಡಿಯೊಳಗೆ ತೂರಿಸಿ ಗೋಡೆ ನೋಡುತ್ತ ನಿಲ್ಲುವಳು. ಮೂಗಿಯೋ ಏನೋ ಎಂದು ಒಬ್ಬ ಗುಮಾಸ್ತ ಕೈಸನ್ನೆ ಮಾಡಿ ಮಾತಾಡಿದ್ದೂ ಉಂಟು.

ಇಂಥ ರಾಜೇಶ್ವರಿ ಮೊನ್ನೆ ಇಂದಿರಾನಗರದಲ್ಲಿ ಮೈಕಿನ ಮುಂದೆ ನಿಂತು ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟಳು. ಅದು ಹಿಪ್ ಹಾಪ್ ಹುಡುಗರ ಆಲ್ಬಮ್ಮಿನ ಒಂದು ಹಾಡೂ ಆಗಿಹೋಯಿತು. ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಅವಳು ಹೇಳಿದ ಹೆಸರು ಈಗಿನ ಗಂಡನದಲ್ಲ.

ನೂರಡಿ ರಸ್ತೆಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಬಂಗಲೆ. ಕೆಳಗಿನ ಅಂತಸ್ತಿನಲ್ಲಿ ಹಲ್ಲಿನ ಡಾಕ್ಟರು, ಮೇಲೆ ಯಾವುದೋ ಕಂಪನಿಯ ಆಫೀಸು, ಕಾರು ನಿಲ್ಲಿಸುತ್ತಿದ್ದ ಶೆಡ್ಡಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ. ಮೂರಕ್ಕೂ ಕಸ ಗುಡಿಸಿ ನೆಲ ಒರೆಸುವವಳು ರಾಜೇಶ್ವರಿ. ಹಲ್ಲಿನ ಡಾಕ್ಟರು ಅವಳ ಹೆಸರನ್ನೂ ಕೇಳಿದವರಲ್ಲ. ಶೆಡ್ಡಿನ ಮೂವರು ಮಾತ್ರ ಅವಳನ್ನು ಅಕ್ಕ ಎನ್ನುತ್ತಿದ್ದರು. ಶಾಂಭವಿ ಮಾತು ಕಟ್ಟಿ ಹೇಳುವವಳು. ಹಲಸೂರಿನ ಮುರಳಿಯೂ ಹೇಳುವವನೇ, ಆದರೆ ಅರ್ಧ ತಮಿಳು. ಶಿವಾಜಿನಗರದ ಅಜ್ಮತ್ ಬಾಯಿ ಬಿಡುವವನಲ್ಲ; ಕಂಪ್ಯೂಟರಿನ ಮುಂದೆ ಕೂತು ತಾಳ ಕೂಡಿಸುವುದು ಅವನ ಕೆಲಸ. ತಂಡದ ಹೆಸರು 'ಸಿಗ್ನಲ್ ಜಂಪ್'. ಎರಡು ವರ್ಷದಿಂದ ಅವರು ತಮ್ಮ ಮೊದಲ ಆಲ್ಬಮ್ಮಿಗೆ ಒದ್ದಾಡುತ್ತಿದ್ದರು. ಕಂಟೋನ್ಮೆಂಟಿನಿಂದ ಕೆ.ಆರ್. ಪುರದವರೆಗೆ ಸಿಕ್ಕಸಿಕ್ಕವರ ದನಿಯನ್ನು ಹಿಡಿದು ತಂದು ಒಂದೊಂದು ಹಾಡಿಗೆ ಒಂದೊಂದು ಸೇರಿಸಿದ್ದರು. ಹತ್ತರಲ್ಲಿ ಒಂಬತ್ತು ಹಾಡು ಮುಗಿದಿದ್ದವು. ಹತ್ತನೆಯದಕ್ಕೆ ದನಿ ಸಿಕ್ಕಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಶಾಂಭವಿ ತನ್ನ ವಿದ್ಯೆಯನ್ನು ಅಕ್ಕನಿಗೆ ವಿವರಿಸಿದಳು.

"ರ‍್ಯಾಪ್ ಅಂದ್ರೆ ಏನೂ ಕಷ್ಟ ಇಲ್ಲ ಅಕ್ಕ. ಸಾಲಿನ ಕೊನೆ ಒಂದಕ್ಕೊಂದು ಕೂಡ್ಬೇಕು. ಮಧ್ಯೆ ನಮ್ಮ ಹೆಸ್ರು ಹಾಕ್ಕೊಂಡು ಜಂಬ ಕೊಚ್ಕೋಬೇಕು, ಅಷ್ಟೆ."

ರಾಜೇಶ್ವರಿ ರೊಟ್ಟಿ ಮುರಿಯುತ್ತ ನಕ್ಕಳು. "ಇದೇನ್ ಹೊಸಾದೇನ್ರಿ? ನಮ್ಮ ಕಡಿ ಮದುವ್ಯಾಗ ಹೆಣ್ಮಕ್ಕಳು ಒಡಪು ಹೇಳ್ತಾರಲ್ಲ, ಅದೂ ಹಿಂಗೇ. ಅದ್ರಾಗ ಗಂಡನ ಹೆಸರು ಹಾಕ್ತಾರ, ನೀವು ನಿಮ್ಮ ಹೆಸರೇ ಹಾಕ್ಕೋತೀರಿ. ಅಷ್ಟೇ ಫರಕು."

ಶಾಂಭವಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ರಾಜೇಶ್ವರಿ ಬಿಡಿಸಿ ಹೇಳಿದಳು. ಸೇಡಂ ಕಡೆಯ ಅವರ ಊರಿನಲ್ಲಿ ಮದುವೆಯಾದ ಹೆಣ್ಣು ಗಂಡನ ಮನೆಗೆ ಬಂದಾಗ ನಾದಿನಿಯರು, ನೆರೆಯವರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರು ಹೇಳಿದರೆ ಒಳಗೆ ಬಿಡುತ್ತಾರೆ. ಬರೀ ಹೆಸರು ಹೇಳುವ ಹಾಗಿಲ್ಲ, ಎರಡು ಸಾಲಿನ ಒಡಪು ಕಟ್ಟಿ ಅದರೊಳಗೆ ಹೆಸರನ್ನು ಸೇರಿಸಬೇಕು. ಆ ಒಂದು ದಿನ ಹೇಳಿದರೆ ಆಯಿತು, ಆಮೇಲೆ ಜೀವಮಾನವೆಲ್ಲ ಬಾಯಿಗೆ ಬೀಗ.

"ಅಕ್ಕಾ, ನಿಮ್ದು ಹೇಳಿ, ಈಗ್ಲೇ!" ಎಂದು ಮುರಳಿ ಎದ್ದು ನಿಂತ. ಬೇಡ ಬೇಡವೆಂದರೂ ಕೇಳದೆ ಅವಳ ಎಂಜಲು ಕೈ ತೊಳೆಸಿ ಮೈಕಿನ ಮುಂದೆ ನಿಲ್ಲಿಸಿದರು. ಗಾಜಿನ ಆಚೆ ಮೂರು ಮುಖ, ಈಚೆ ತಾನೊಬ್ಬಳೇ. ರಾಜೇಶ್ವರಿಗೆ ನಾಚಿಕೆಯೋ ಹೆದರಿಕೆಯೋ ತಿಳಿಯಲಿಲ್ಲ. ಸೆರಗು ತಲೆಯ ಮೇಲೆಳೆದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿದಳು:

"ಹೊಸ್ತಿಲಕ ಅರಿಶಿಣ, ಮಾಡದಾಗ ದೀಪಾ,
ಶರಣಬಸವನ ಹೆಸರ ಹೇಳೀನಿ, ಮಾಡಬ್ಯಾಡ್ರಿ ಕೋಪಾ."

ಆಚೆ ಮೂವರೂ ಹೋ ಎಂದು ಕೂಗಿದರು. ಎಂದೂ ಮಾತಾಡದ ಅಜ್ಮತ್ "ವಾಹ್ ಅಕ್ಕಾ" ಎಂದ. ಅವಳಿಗೆ ಮೈಯೆಲ್ಲ ಹಗುರಾಯಿತು. ಆ ಮೂವರಿಗೆ ಅವಳ ಗಂಡನ ಹೆಸರು ಗೊತ್ತಿರಲಿಲ್ಲ, ಆದ್ದರಿಂದ ಯಾರೂ ಏನೂ ಕೇಳಲಿಲ್ಲ. ಅವಳಿಗೂ ತಾನು ಏನು ಹೇಳಿದೆನೆಂಬ ಎಚ್ಚರವಿರಲಿಲ್ಲ. ಉಳಿದ ರೊಟ್ಟಿ ತಿಂದು, ಲೋಟಗಳನ್ನು ತೊಳೆದಿಟ್ಟು, ಮೆಟ್ರೋ ಹತ್ತಿ ಮನೆಗೆ ಬಂದಳು.

ಗಂಡ ಭಗವಂತರಾಯ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವವನು. ಬೆಳಗಿನ ಪಾಳಿ ಮುಗಿಸಿ ಬಂದು ಚಹಾ ಕಾಸುತ್ತಿದ್ದ. ಹೆಂಡತಿಗೂ ಒಂದು ಲೋಟ ಎಂದು ನೀರು ಹೆಚ್ಚು ಹಾಕಿಡುವಂಥ ಮನುಷ್ಯ ಅವನು. ರಾಜೇಶ್ವರಿ ಚಪ್ಪಲಿ ಬಿಡುತ್ತಲೇ ಸುದ್ದಿ ಹೇಳಿದಳು. ಹಾಡಿನಲ್ಲಿ ತನ್ನ ದನಿ ಬರುತ್ತದಂತೆ, ಲೋಕವೆಲ್ಲ ಕೇಳುತ್ತದಂತೆ, ತಾನು ಒಡಪು ಹೇಳಿದೆ.

ಭಗವಂತರಾಯ ಇಕ್ಕಳ ಹಿಡಿದುಕೊಂಡೇ ತಿರುಗಿದ. "ಒಡಪು ಹೇಳ್ದೇನು? ಅಂದ್ರ... ನನ್ನ ಹೆಸರು ಹೇಳ್ದಿ?"

ಅವನ ಮುಖ ಅಷ್ಟು ಅರಳಿದ್ದನ್ನು ಅವಳು ಕಂಡಿರಲಿಲ್ಲ. ತನ್ನ ಬಾಯಿಂದ ಬಂದ ಹೆಸರು ಆಗ ನೆನಪಾಯಿತು.

"ಹೂಂರಿ," ಎಂದುಬಿಟ್ಟಳು.

ಇದು ಹೇಗಾಯಿತೆಂದರೆ, ಶರಣಬಸವ ಅವಳ ಮೊದಲ ಗಂಡ. ಕಲ್ಲಿನ ಗಣಿಯ ಲಾರಿಯಲ್ಲಿ ಕೆಲಸ ಮಾಡುತ್ತಿದ್ದ. ಮದುವೆಯಾದ ಮೂರನೇ ವರ್ಷಕ್ಕೆ ಲಾರಿ ಮಗುಚಿ ಸತ್ತ. ಅದಾಗಿ ಹದಿನಾಲ್ಕು ವರ್ಷ. ಐದು ವರ್ಷ ತವರಿನಲ್ಲಿ ಕೂತಿದ್ದವಳನ್ನು ಹಿರಿಯರು ಭಗವಂತರಾಯನಿಗೆ ಉಡಿಕಿ ಮಾಡಿಕೊಟ್ಟರು. ಉಡಿಕಿ ಎಂದರೆ ವಿಧವೆಯ ಮರುಮದುವೆ. ಹಂದರವಿಲ್ಲ, ಬಾಜಾ ಬಜಂತ್ರಿಯಿಲ್ಲ, ಒಂದು ಸೀರೆ, ಒಂದು ತೆಂಗಿನಕಾಯಿ, ನಾಲ್ಕು ಜನ ಹಿರಿಯರು. ಅಂಥವಳನ್ನು ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ, ಒಡಪು ಹೇಳೆಂದು ಪೀಡಿಸುವುದಿಲ್ಲ. ಅವಳೇ ಬಗ್ಗಿಕೊಂಡು ಒಳಗೆ ಹೋದರೆ ಆಯಿತು. ಹಾಗಾಗಿ ಭಗವಂತರಾಯನ ಹೆಸರನ್ನು ಹೇಳುವ ಸಂದರ್ಭವೇ ರಾಜೇಶ್ವರಿಗೆ ಬಂದಿರಲಿಲ್ಲ. ಅವಳಿಗೆ ಗೊತ್ತಿದ್ದ ಒಡಪು ಒಂದೇ. ಅದನ್ನು ಇಪ್ಪತ್ತೊಂದನೇ ವಯಸ್ಸಿನಲ್ಲಿ ಸೋದರತ್ತೆ ಎಂಟು ದಿನ ಕೂರಿಸಿಕೊಂಡು ಬಾಯಿಪಾಠ ಮಾಡಿಸಿದ್ದಳು. ಹೆಸರು ಹಿಟ್ಟಿನಲ್ಲಿ ಬೆರೆತ ಉಪ್ಪಿನ ಹಾಗೆ ಅದರಲ್ಲೇ ಸೇರಿಹೋಗಿತ್ತು.

ಇದು ನನ್ನ ವಿವರಣೆ, ಮತ್ತು ನನಗೇನೋ ಇದು ಸಾಕು. ರಾಜೇಶ್ವರಿಗೆ ಸಾಕಾಗಲಿಲ್ಲ. ಮರುದಿನ ಸ್ಟುಡಿಯೋಕ್ಕೆ ಹೋದಾಗ ಅಜ್ಮತ್ ಹಾಡು ಕೇಳಿಸಿದ. ದಡದಡ ತಾಳದ ನಡುವೆ ಅವಳದೇ ದನಿ, "ಶರಣಬಸವ, ಶರಣಬಸವ" ಎಂದು ಬೆರಳೆಣಿಸಿದರೆ ಹನ್ನೊಂದು ಸಲ. ಪ್ರತಿ ಸಲವೂ ಹೆಸರಿನ ಹಿಂದೆ ಅಜ್ಮತ್ ಒಂದು ಗೇಣು ಮೌನ ಬಿಟ್ಟಿದ್ದ. ಅವಳ ಕಣ್ಣು ತೇವವಾದವು. ಇದೇನು ಅನಿಷ್ಟ ಎಂದು ಅವಳು ಗಾಬರಿಯಾದಳು. ಆ ಮನುಷ್ಯನ ಮುಖ ಕೂಡ ಈಗ ಸರಿಯಾಗಿ ನೆನಪಿಲ್ಲ. ಊಟಕ್ಕೆ ಕೂತರೆ ಅವಳ ತಟ್ಟೆಯ ಉಳ್ಳಾಗಡ್ಡಿಯನ್ನೂ ಎತ್ತಿಕೊಂಡು ತಿನ್ನುತ್ತಿದ್ದ, ಅದೊಂದು ನೆನಪಿದೆ. ಪ್ರೀತಿ ಇತ್ತೇ? ಇರಬೇಕಾದಷ್ಟು ದಿನ ಅವನೇ ಇರಲಿಲ್ಲ. ಹಾಗಿದ್ದರೆ ಕಣ್ಣೀರು ಯಾಕೆ? ಮನಸ್ಸಿನಲ್ಲಿ ಅವನು ಇನ್ನೂ ಇದ್ದಾನೆಯೇ? ಇದ್ದರೆ ಚಹಾ ಕಾಸಿ ಕಾಯುವ ಈ ಪುಣ್ಯಾತ್ಮ ಯಾರು? ಯೋಚಿಸಿದಷ್ಟೂ ತಲೆ ಕೆಟ್ಟು ಗೊಬ್ಬರವಾಯಿತು. ಅವತ್ತು ಹಲ್ಲಿನ ಡಾಕ್ಟರ ಕೋಣೆಯನ್ನು ಎರಡು ಸಲ ಒರೆಸಿದಳು, ಮೇಲಿನ ಆಫೀಸನ್ನು ಒರೆಸುವುದನ್ನೇ ಮರೆತಳು.

ಇತ್ತ ಭಗವಂತರಾಯನ ನಾಲಿಗೆಗೆ ತಡೆಯಿಲ್ಲದಾಯಿತು. ಮಿತಭಾಷಿಯಾದ ಅವನು ಕಾರ್ಖಾನೆಯ ಗೇಟಿನಲ್ಲಿ ಮೂರು ಪಾಳಿಯವರಿಗೂ ಹೇಳಿದ. ತನ್ನ ಹೆಸರಿನ ಹಾಡು ಬರುತ್ತದೆ, ಬಂದ ದಿನ ಎಲ್ಲರ ಫೋನಿಗೂ ಕಳಿಸುತ್ತೇನೆ. ಮನೆ ಮಾಲೀಕಳಾದ ಚಿಕ್ಕಮುನಿಯಮ್ಮನಿಗೂ ಹೇಳಿದ. ದೊಡ್ಡನೆಕ್ಕುಂದಿ ಹಳ್ಳಿಯಾಗಿದ್ದಾಗ ರಾಗಿ ಬೆಳೆಯುತ್ತಿದ್ದ ಮುದುಕಿ. ಆ ಹೊಲದ ಮೇಲೆ ಈಗ ಹದಿನಾಲ್ಕು ಬಾಡಿಗೆ ಕೋಣೆಗಳಿವೆ. ಅವಳು ನಲ್ಲಿಯ ಬಳಿ ರಾಜೇಶ್ವರಿಯನ್ನು ಹಿಡಿದಳು.

"ಏನಮ್ಮೀ, ಗಂಡನ್ ಹೆಸ್ರು ಮೈಕ್ನಾಗೆ ಕೂಗ್ಬಿಟ್ಯಂತೆ? ನಾನು ನಮ್ ಯಜಮಾನ್ರ ಹೆಸ್ರು ಅವ್ರು ಸತ್ ಮ್ಯಾಕೂ ಹೇಳಿಲ್ಲ ಕಣಮ್ಮೀ. ಹಾಡು ಬಂದ್ ದಿನ ನಂಗೂ ಕೇಳ್ಸು, ಮರೀಬ್ಯಾಡ."

ಹದಿನಾಲ್ಕು ಕೋಣೆ, ಮೂರು ಪಾಳಿ. ಅಷ್ಟು ಜನರೆದುರು ಆ ಹಾಡು ಮೊಳಗಿ, ಭಗವಂತರಾಯ ಕಿವಿಯಾನಿಸಿ ಕೇಳಿ, ಸತ್ತವನ ಹೆಸರು ಹನ್ನೊಂದು ಸಲ ಬಂದರೆ? ಒಂಬತ್ತು ವರ್ಷದಲ್ಲಿ ಒಂದು ದಿನವೂ ದನಿ ಎತ್ತಿ ಮಾತಾಡದ ಗಂಡನ ಮರ್ಯಾದೆಯನ್ನು ತಾನು ಬೀದಿಯಲ್ಲಿಟ್ಟ ಹಾಗೆ. ಕೊಡ ತುಂಬಿ ಹರಿಯುತ್ತಿದ್ದರೂ ರಾಜೇಶ್ವರಿಗೆ ನಲ್ಲಿ ನಿಲ್ಲಿಸಬೇಕೆಂದು ತೋಚಲಿಲ್ಲ.

ಕೊನೆಗೆ ಧೈರ್ಯ ಮಾಡಿ ಸ್ಟುಡಿಯೋದ ಮಕ್ಕಳ ಹತ್ತಿರ ಹೋದಳು. "ಆ ಹೆಸರು ಬದಲಿ ಮಾಡ್ರಿ. ಅದು... ಬ್ಯಾರೆಯವರದು."

ಮೂವರೂ ಮುಖ ಮುಖ ನೋಡಿಕೊಂಡರು. "ಬೇರೆಯವ್ರದ್ದು ಅಂದ್ರೆ ಯಾರದ್ದಕ್ಕ?" ಎಂದ ಮುರಳಿ. ಶಾಂಭವಿ ಅವನ ಕಾಲು ತುಳಿದಳು. ರಾಜೇಶ್ವರಿ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು, ಆದರೆ ಈಗಿನ ಗಂಡನ ಹೆಸರನ್ನು ಮಾತ್ರ ಹೇಳಲಾಗದೆ ಆಧಾರ್ ಕಾರ್ಡ್ ತೆಗೆದು ತೋರಿಸಿದಳು. ಅಜ್ಮತ್ ಅದನ್ನು ಓದಿ ಮೇಜಿನ ಮೇಲೆ ಬೆರಳಿನಿಂದ ತಾಳ ಬಡಿದು ನೋಡಿದ.

"ಶರಣಬಸವ ಕರೆಕ್ಟಾಗಿ ಕೂತ್ಕೊಳ್ಳುತ್ತೆ. ಭಗವಂತರಾಯ ಉದ್ದ ಆಗುತ್ತೆ ಅಕ್ಕ. ಹೊಸಾದು ಹೇಳಿ, ಬೇಕಾದ್ರೆ ತಾಳಾನೇ ಬದಲಾಯಿಸ್ತೀನಿ. ಶನಿವಾರ ಎಲ್ಲ ಹಾಡೂ ಮುಂಬೈ ಕಂಪನಿಗೆ ಕಳಿಸ್ಬೇಕು. ಅವತ್ತು ಬೆಳಿಗ್ಗೆ ಹನ್ನೊಂದು ಗಂಟೆ ತನಕ ಟೈಮು."

ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಒಳ್ಳೆಯ ಮಕ್ಕಳು, ತನ್ನ ತಪ್ಪಿಗೆ ಎರಡು ವರ್ಷದ ಕೆಲಸವನ್ನು ಬಿಚ್ಚಲು ಕೂತಿದ್ದಾರೆ.

ಆಮೇಲಿನ ನಾಲ್ಕು ದಿನ ರಾಜೇಶ್ವರಿ ಕೆ.ಆರ್. ಪುರದಿಂದ ಇಂದಿರಾನಗರದವರೆಗೆ ಮೆಟ್ರೋದಲ್ಲಿ ನಿಂತು ಒಡಪು ಕಟ್ಟಿದಳು. ರಾಯ ಎಂಬುದಕ್ಕೆ ಕೂಡುವ ಮಾತು ಬೇಕು. ಪ್ರಾಯ ಎಂದರೆ ನಾಚಿಕೆ, ಗಾಯ ಎಂದರೆ ಅಪಶಕುನ. ಬೆನ್ನಿಗಾನಹಳ್ಳಿ ದಾಟುವಷ್ಟರಲ್ಲಿ ಒಂದು ಹೊಳೆಯುತ್ತಿತ್ತು, ಬೈಯಪ್ಪನಹಳ್ಳಿಯಲ್ಲಿ ಜನ ನುಗ್ಗಿದಾಗ ಮರೆತುಹೋಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಪೇಚೆಂದರೆ ಒಡಪು ಕಟ್ಟಬೇಕಾದರೂ ಆ ಹೆಸರನ್ನು ಮನಸ್ಸಿನಲ್ಲಾದರೂ ಹೇಳಬೇಕಲ್ಲ. ಅದೇ ಬರುತ್ತಿರಲಿಲ್ಲ. ಪಕ್ಕದಲ್ಲಿ ನಿಂತ ಹುಡುಗಿ ಈಕೆ ತನ್ನಷ್ಟಕ್ಕೆ ತುಟಿ ಅಲ್ಲಾಡಿಸುವುದನ್ನು ಕಂಡು ಸ್ವಲ್ಪ ದೂರ ಸರಿದಳು.

ಶುಕ್ರವಾರ ಮಧ್ಯಾಹ್ನ ಸೋತು ಸುಣ್ಣವಾಗಿ ಬೇಗ ಮನೆಗೆ ಬಂದು, ಪಾಳಿ ಮುಗಿಸಿ ಊಟಕ್ಕೆ ಕೂತ ಗಂಡನನ್ನೇ ಕೇಳಿದಳು. "ನಿಮ್ಮ ಹೆಸರಿಗಿ ಒಡಪು ಕೂಡ್ಸೂದು ಬಾಳ ತ್ರಾಸ ನೋಡ್ರಿ."

"ಅದ್ರಾಗೇನ್ ತ್ರಾಸದ?" ಎಂದ ಭಗವಂತರಾಯ. ತುತ್ತು ನುಂಗಿ, ತಲೆಯನ್ನು ಒಂಚೂರು ವಾರೆ ಮಾಡಿ, ಹೆಣ್ಣುದನಿಯಲ್ಲಿ ಹೇಳಿದ:

"ಬಿಸಿ ಬಿಸಿ ರೊಟ್ಟಿಗಿ ಎಣಗಾಯಿ ಬದ್ನಿಕಾಯಾ,
ನನ್ನ ಕೈ ಹಿಡದಾರ ಭಗವಂತರಾಯಾ."

ರಾಜೇಶ್ವರಿಗೆ ಯಾರ ಒಡಪೆಂದು ಕೇಳಬೇಕಾಗಲಿಲ್ಲ. ಹೆರಿಗೆಯಲ್ಲಿ ತೀರಿಕೊಂಡ ಅವನ ಮೊದಲ ಹೆಂಡತಿ ಅಮೃತಮ್ಮ ಮದುವೆಯ ದಿನ ಹೇಳಿದ್ದು. ಒಂಬತ್ತು ವರ್ಷದಲ್ಲಿ ಅವನು ಆಕೆಯ ಮಾತೆತ್ತಿರಲಿಲ್ಲ. ಈಗ ಒಂದು ಅಕ್ಷರ ತಪ್ಪದೆ, ತಲೆ ವಾರೆ ಮಾಡಿದ್ದನ್ನೂ ಬಿಡದೆ ಒಪ್ಪಿಸಿದ್ದ. ರಾಜೇಶ್ವರಿ ಬಡಿಸಲು ಎತ್ತಿದ ರೊಟ್ಟಿಯನ್ನು ಬುಟ್ಟಿಗೇ ಹಾಕಿದಳು. ಆಮೇಲೆ ಆ ಹೊಟ್ಟೆಕಿಚ್ಚಿಗೇ ನಾಚಿಕೆಯಾಯಿತು. ಹನ್ನೊಂದು ಸಲ ಕೂಗಿ ಬಂದವಳು ತಾನು, ಇವನ ಒಂದು ಸಲಕ್ಕೆ ಉರಿದುಕೊಳ್ಳುತ್ತೇನಲ್ಲ. ನಗಬೇಕೋ ಅಳಬೇಕೋ ತಿಳಿಯದೆ ಅವಳು ಬಾಯಿ ಬಿಟ್ಟಳು.

"ನಾ ಸುಳ್ಳು ಹೇಳೀನ್ರಿ. ಆ ಹಾಡಿನ್ಯಾಗ ನಿಮ್ಮ ಹೆಸರಿಲ್ಲ. ಬಾಯಾಗ ಮೊದಲಿನ ಹೆಸರೇ ಬಂದುಬಿಡ್ತು. ಯಾಕ ಬಂತೋ, ದೇವರಾಣಿ ನನಗ ಗೊತ್ತಿಲ್ಲ."

ಭಗವಂತರಾಯ ಉಳಿದ ರೊಟ್ಟಿ ತಿಂದ. ತಟ್ಟೆ ತೊಳೆದಿಟ್ಟ. ಸಂಜೆ ಸಂತೆಗೆ ಹೋಗಿ ಕೊತ್ತಂಬರಿ ತಂದ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಈ ಮೌನದ ತಲೆ ಬುಡ ಅವಳಿಗೆ ತಿಳಿಯಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಹೊರಟಾಗ ಅವನೂ ಕಾರ್ಖಾನೆಯ ಸಮವಸ್ತ್ರ ಹಾಕಿಕೊಂಡು, ಟೋಪಿ ಹಿಡಿದು ಹೊರಟ. ಡ್ಯೂಟಿಗೆಂದುಕೊಂಡಳು. ಕಾರ್ಖಾನೆಯ ಗೇಟು ಬಂದರೂ ನಿಲ್ಲದೆ ಅವನು ಅವಳ ಜೊತೆ ಬಸ್ಸು ಹತ್ತಿದ, ಮೆಟ್ರೋವನ್ನೂ ಹತ್ತಿದ. ಮಕ್ಕಳ ಜೊತೆ ಜಗಳಕ್ಕೆ ಹೋಗುತ್ತಾನೆಯೇ? ಹಾಡನ್ನೇ ನಿಲ್ಲಿಸುತ್ತಾನೆಯೇ? ಅಥವಾ ಅವಳನ್ನು ಕೆಲಸ ಬಿಡಿಸಿ ಊರಿಗೆ ಕಳಿಸುತ್ತಾನೆಯೇ? ಕಂಬಿ ಹಿಡಿದ ಅವನ ಕೈಯನ್ನು ನೋಡುತ್ತ ಇಂದಿರಾನಗರದವರೆಗೆ ಬಂದಳು.

ಸಮವಸ್ತ್ರದವನನ್ನು ಕಂಡು ಮುರಳಿ ಎದ್ದು ನಿಂತ. ಭಗವಂತರಾಯ ಕುರ್ಚಿಯ ತುದಿಯಲ್ಲಿ ಕೂತು, "ಆ ಹಾಡು ಒಮ್ಮಿ ಕೇಳಸ್ರಿ," ಎಂದ. ಅಜ್ಮತ್ ಅವಳ ಮುಖ ನೋಡಿದ. ಹಾಡು ಶುರುವಾಯಿತು. ಹನ್ನೊಂದು ಸಲವನ್ನೂ ಭಗವಂತರಾಯ ಕದಲದೆ ಕೇಳಿದ, ಗೇಟಿನಲ್ಲಿ ದೊಡ್ಡ ಸಾಹೇಬರ ಕಾರು ಹೋಗುವಾಗ ನಿಲ್ಲುವಷ್ಟೇ ನೆಟ್ಟಗೆ ಕೂತು.

"ಛಲೋ ಅದ," ಎಂದ ಕೊನೆಗೆ. "ಇದನ್ನ ಅಳಸಬ್ಯಾಡ್ರಿ."

"ಅಣ್ಣ, ನೀವು ಬೇಜಾರು ಮಾಡ್ಕೋಬೇಡಿ, ಅಕ್ಕ ಹೊಸಾದು ಹೇಳ್ತಾರೆ," ಎಂದಳು ಶಾಂಭವಿ.

"ಬ್ಯಾಡ್ರಿ. ಪಾಪ, ಅವನ ಹೆಸರು ಇನ್ನ ಯಾರು ಹೇಳ್ತಾರ? ಅವನ ಅವ್ವನೂ ಹೋದಳು." ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸಿದ. "ನಂದೇನು ಬಿಡ್ರಿ. ಗೇಟಿನ ಮಂದಿಗಿ ಏನರ ಒಂದು ಹೇಳ್ತೀನಿ."

ಹೇಳುವಾಗ ಅವನು ನಕ್ಕ. ಆ ನಗು ರಾಜೇಶ್ವರಿಗೆ ಸಹಿಸಲಾಗಲಿಲ್ಲ. ಯಾರನ್ನೂ ಕೇಳದೆ ಗಾಜಿನ ಕೋಣೆಗೆ ನಡೆದಳು. ಹೋಗುತ್ತ ಭಗವಂತರಾಯನ ತೋಳು ಹಿಡಿದು ಅವನನ್ನೂ ಒಳಗೆಳೆದು ಬಾಗಿಲ ಬಳಿ ನಿಲ್ಲಿಸಿದಳು. ಒಬ್ಬಳೇ ನಿಂತರೆ ಮತ್ತೆ ಯಾವ ಹೆಸರು ಬಂದೀತೋ ಎಂಬ ಭಯ. ಅಜ್ಮತ್ ಉಸಿರು ಬಿಗಿಹಿಡಿಯುವಂತೆ ಅವನಿಗೆ ಸನ್ನೆ ಮಾಡಿದ. ಶಾಂಭವಿ ಬೆರಳೆತ್ತಿದಳು.

ಒಡಪು ಯಾವುದೂ ಇರಲಿಲ್ಲ. ನಾಲ್ಕು ದಿನ ಕಟ್ಟಿದ್ದು ಒಂದೂ ನೆನಪಿಗೆ ಬರಲಿಲ್ಲ, ಅಮೃತಮ್ಮನ ಬದನೆಕಾಯಿ ಅವಳದಲ್ಲ. ರಾಜೇಶ್ವರಿ ಕಣ್ಣು ಮುಚ್ಚಲಿಲ್ಲ. ಹಿಂದಿಲ್ಲದೆ ಮುಂದಿಲ್ಲದೆ, ಕೋಣೆಯೊಳಗಿಂದ ಅಂಗಳಕ್ಕೆ ಕರೆಯುವ ಹಾಗೆ ಒಂದೇ ಸಲ ಕರೆದಳು.

"ಭಗವಂತರಾಯಾ!"

"ಓ," ಎಂದ ಭಗವಂತರಾಯ.

ಹೆಸರು ಹಿಡಿದು ಕರೆದರೆ ಯಾರಾದರೂ ಓ ಎನ್ನುವುದೇ. ಅವನಿಗೆ ಅದು ಮೈಕೆಂಬುದೂ ಮರೆತುಹೋಗಿತ್ತು. ಆಮೇಲೆ ನಾಲಿಗೆ ಕಚ್ಚಿಕೊಂಡ. ಗಾಜಿನಾಚೆ ಮುರಳಿ, "ಅಣ್ಣ ಮಾತಾಡ್ಬಿಟ್ರು, ಇನ್ನೊಂದ್ಸಲ ತಗೊಳ್ಳೋಣ್ವಾ?" ಎಂದದ್ದು ಅವರ ಕಿವಿಗೂ ಬಿತ್ತು.

"ಮುಟ್ಬೇಡ ಮಗಾ," ಎಂದ ಅಜ್ಮತ್.

ಹಾಡಿನ ತುದಿಗೆ ಅದನ್ನು ಜೋಡಿಸಿ ಮತ್ತೆ ಕೇಳಿಸಿದ. ಶರಣಬಸವ ಎನ್ನುತ್ತಾಳೆ, ಮೌನ. ಮತ್ತೆ ಕರೆಯುತ್ತಾಳೆ, ಮತ್ತೆ ಮೌನ. ಹನ್ನೊಂದು ಸಲ ಹಾಗೆ. ಹದಿನಾಲ್ಕು ವರ್ಷದಿಂದ ಆ ಕಡೆಯಿಂದ ಯಾರೂ ಓ ಎಂದಿಲ್ಲ. ರಾಜೇಶ್ವರಿ ಅಲ್ಲೇ ಗೋಡೆಗೊರಗಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹೋದವನಿಗಾಗಿಯೋ ಇರುವವನಿಗಾಗಿಯೋ ಅವಳಿಗೆ ಆಗಲೂ ಬಗೆಹರಿಯಲಿಲ್ಲ.

ಭಗವಂತರಾಯ ಏನು ಮಾಡಬೇಕೆಂದು ತೋಚದೆ ಟೋಪಿ ಹಾಕಿಕೊಂಡ, ಮತ್ತೆ ತೆಗೆದ. ಅವಳ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ಮೆಲ್ಲಗೆ ಕೇಳಿದ:

"ಯಾಕ ಕರದಿ?"

ರಾಜೇಶ್ವರಿ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಸುಮ್ನ," ಎಂದಳು. "ಅದೀರೋ ಇಲ್ಲೋ ಅಂತ."